ಇನ್ನೂ ಬಾರದ ಎರಡು ಗಂಟೆ

ಮಧ್ಯಾಹ್ನ ಎರಡು ಗಂಟೆಗೆ ದೇವಮ್ಮ ಆರಾಮಾಗಿದ್ದಳು. ಬಿಪಿ ಸರಿ, ನಾಡಿ ಸರಿ, ರಕ್ತಸ್ರಾವ ಇಲ್ಲ. ಚಾರ್ಟಿನಲ್ಲಿ ನೀಲಿ ಪೆನ್ನಿನಿಂದ ದುಂಡಗೆ ಬರೆದಿತ್ತು.

ನನ್ನ ಮೊಬೈಲಿನಲ್ಲಿ ಆಗ ಟೈಮ್ ಎಷ್ಟು? ಹನ್ನೆರಡೂ ಐವತ್ತು!

ಕಳೆದ ವಾರದ ಮಾತು. ಕಕ್ಕೇರಾ ಕಡೆಯ ಒಂದು ಸಣ್ಣ ಆಸ್ಪತ್ರೆ (ಹೆಸರು ಬೇಡ, ಅಲ್ಲಿ ನಾನು ಇನ್ನೂ ಚಹಾ ಕುಡಿಯಬೇಕು). ನಿಮಗೆ ಗೊತ್ತೇ ಇದೆ, ನರ್ಸ್ ಕೆಲಸದಿಂದ ರಿಟೈರ್ ಆದ ಮೇಲೆ ಯಾದಗಿರಿ, ಶಹಾಪುರ, ಸುರಪುರ ಅಂತ ನನ್ನ ತಿರುಗಾಟ. ಹೆರಿಗೆಯಾದ ಮೇಲೆ ಎರಡು ತಾಸು, ಕಾಲು ತಾಸಿಗೊಮ್ಮೆ ಬಾಣಂತಿಯನ್ನು ಮುಟ್ಟಿ ನೋಡಿದರೆ ಜೀವ ಉಳಿಯುತ್ತದೆ ಎನ್ನುತ್ತದೆ ಸಂಶೋಧನೆ. ಸರಿ. ಆದರೆ ಸಂಶೋಧನೆ ತಾನೇ ಎದ್ದು ಬಂದು ಹೊಟ್ಟೆಯ ಮೇಲೆ ಕೈಯಿಡುತ್ತದೆಯೇ? ಅದಕ್ಕೇ ಆಯಾ ಊರಿನ ಒಬ್ಬ ನರ್ಸನ್ನು ಆರಿಸಿ, ಉಳಿದವರಿಗೆ ರೂಢಿ ಮಾಡಿಸಲು ಹಚ್ಚುತ್ತಾರೆ. ಆಕೆಯ ಬೆನ್ನಿಗೆ ನಿಲ್ಲುವುದು ನನ್ನ ಕೆಲಸ. ಇಲ್ಲಿ ಆಕೆ ಮಲ್ಲಮ್ಮ.

ಮಲ್ಲಮ್ಮ ಚಾರ್ಟ್ ನನ್ನ ಕೈಗಿಟ್ಟು ಹೆಮ್ಮೆಯಿಂದ ನಿಂತಿದ್ದಳು. ದೇವಮ್ಮನ ಹೆರಿಗೆ ಆದದ್ದು ಹನ್ನೆರಡಕ್ಕೆ. ಒಂದು ಗಂಟೆ, ಒಂದೂಕಾಲು, ಒಂದೂವರೆ... ಒಂದು ಚೌಕವೂ ಖಾಲಿಯಿಲ್ಲ. ಇನ್ನೂ ಬಾರದ ಹೊತ್ತಿನಲ್ಲೆಲ್ಲ ಈಕೆ ಆರಾಮಾಗಿ ಬದುಕಿದ್ದಾಳೆ.

"ಯಾರು ಬರೆದದ್ದು ಇದು?"

"ನಾನ ರೀ ಅಕ್ಕಾರ. ನೀವು ಬರ್ತೀರಂತ ಮೊದ್ಲ ತುಂಬಿಟ್ಟೇನ್ರಿ."

ವಾರ್ಡಿಗೆ ಓಡಿದೆ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಕೂಸು ಕೂಡ ಅಳುತ್ತಿರಲಿಲ್ಲ. ಕಣ್ಣು ಬಿಟ್ಟುಕೊಂಡು ತಾಯಿಯ ಕಡೆಗೇ ಮುಖ ಮಾಡಿತ್ತು. ದೇವಮ್ಮನ ಅತ್ತೆ ನನ್ನ ಕೈ ತಡೆದಳು.

"ಎಬ್ಬಿಸಬ್ಯಾಡ್ರಿ ಯವ್ವಾ, ಈಗ ನಿದ್ದಿ ಹತ್ತೇದ. ಕರದ್ರೂ ಓ ಅನವಲ್ಲಳು, ಅಷ್ಟು ದಣದಾಳ."

ಕೈ ಹಿಡಿದೆ. ತಣ್ಣಗಿತ್ತು. ಹೊದಿಕೆ ಸರಿಸಿದೆ. ಹಾಸಿಗೆ ರಕ್ತದಲ್ಲಿ ತೊಯ್ದಿತ್ತು. ಕಲ್ಲಿನಂತೆ ಗಟ್ಟಿಯಾಗಿರಬೇಕಿದ್ದ ಗರ್ಭಕೋಶ ನಾದಿದ ಹಿಟ್ಟಿನಂತೆ ಮೆತ್ತಗಾಗಿತ್ತು.

"ಮಲ್ಲಮ್ಮಾ!"

ಆಮೇಲೆ ಮಲ್ಲಮ್ಮ ಒಂದು ಕ್ಷಣವೂ ತಡಮಾಡಲಿಲ್ಲ. ಗರ್ಭಕೋಶ ಬಿಗಿಯಾಗಲೆಂದು ಹೊಟ್ಟೆ ತಿಕ್ಕಿದಳು, ಇಂಜೆಕ್ಷನ್ ಕೊಟ್ಟಳು, ಸಲೈನ್ ಏರಿಸಿದಳು, ಆಂಬ್ಯುಲೆನ್ಸ್ ಕರೆಸಿ ಸುರಪುರಕ್ಕೆ ಕಳಿಸಿದಳು. ಎಲ್ಲಾ ಬರುತ್ತಿತ್ತು ಆಕೆಗೆ! ಹಾಗಾದರೆ ತಪ್ಪಿದ್ದೆಲ್ಲಿ?

ಗಾಡಿ ಹೋದ ಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತೆವು. ನನಗೆ ಸಿಟ್ಟು ನೆತ್ತಿಗೇರಿತ್ತು. ಬಾಯಿಗೆ ಬಂದಂತೆ ಬೈದೆ. ಮಲ್ಲಮ್ಮ ಕಣ್ಣೊರೆಸಿಕೊಂಡು ಅಂದಳು:

"ಹ್ವಾದ ಸಲ ಮೂರು ಚೌಕ ಖಾಲಿ ಅದಾವಂತ ಎಲ್ಲಾರ ಮುಂದ ನನ್ನ ಮಾನ ಕಳದ್ರಿ. ಅವತ್ತು ಇಬ್ಬರ ಹೆರಿಗಿ ಒಮ್ಮಿಗೇ ಬಂದಿದ್ವು, ನಾ ಒಬ್ಬಾಕಿನ ಇದ್ದೆ. ಯಾಕ ಖಾಲಿ ಅಂತ ನೀವು ಕೇಳಲೇ ಇಲ್ಲಲ್ರಿ, ಅಕ್ಕಾರ."



ಸರಿಯಾಗಿ ಎರಡು ಗಂಟೆಗೆ ಆಂಬ್ಯುಲೆನ್ಸಿನಿಂದ ಫೋನ್. ದೇವಮ್ಮ ಕಣ್ಣು ಬಿಟ್ಟಳಂತೆ, ನಾಡಿ ಸಿಗುತ್ತಿದೆಯಂತೆ, ಕೂಸೆಲ್ಲಿ ಎಂದು ಕೇಳಿದಳಂತೆ. ಇಬ್ಬರೂ ಗೊಳೋ ಎಂದು ಅತ್ತೆವು. ಮೇಜಿನ ಮೇಲೆ ಚಾರ್ಟ್ ಹಾಗೇ ಬಿದ್ದಿತ್ತು: ಎರಡು ಗಂಟೆ, ಆರಾಮ. ಬರೆದದ್ದು ಸುಳ್ಳಾಗಲಿಲ್ಲ ನೋಡಿ, ನಡುವೆ ಹರಿದ ರಕ್ತದ ಸುಳಿವೂ ಅದರಲ್ಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಅದನ್ನು ಕಂಡು.

ಈಗ ಇದನ್ನು ಬರೆಯುವಾಗ ಪಕ್ಕದಲ್ಲೇ ನನ್ನ ಬ್ಯಾಗಿದೆ. ಅದರಲ್ಲಿ ಬೇರೆ ಊರುಗಳ ಚಾರ್ಟುಗಳ ಕಟ್ಟು. ಒಂದು ಚೌಕವೂ ಖಾಲಿಯಿಲ್ಲ, ಕೆಳಗೆ ನಾನೇ 'ಗುಡ್' ಎಂದು ಸಹಿ ಹಾಕಿದ್ದೇನೆ.

ಆ ಕಟ್ಟಿನಲ್ಲಿ ಆರಾಮಾಗಿರುವ ಹೆಂಗಸರನ್ನೆಲ್ಲ ಯಾರಾದರೂ ಮುಟ್ಟಿ ನೋಡಿದ್ದರೇ?