ಸುಳ್ಳು, ತಿದ್ದಿ ತನ್ನಿ

ವಿಶ್ವವಿದ್ಯಾಲಯದ ಕೀರ್ತಿಯನ್ನು ಬರೆಯುವವರು ಪ್ರಾಧ್ಯಾಪಕರ ಹೆಸರು ಬರೆಯುತ್ತಾರೆ, ಪ್ರಯೋಗಾಲಯಗಳ ಹೆಸರು ಬರೆಯುತ್ತಾರೆ, ತೀರಾ ಉದಾರಿಗಳಾದರೆ ಗ್ರಂಥಾಲಯವನ್ನೂ ನೆನೆಯುತ್ತಾರೆ. ಐದಾರು ವರ್ಷ ಕೂತು ಮಹಾಪ್ರಬಂಧ ಬರೆದವರು ಆ ಐದಾರು ವರ್ಷ ಏನು ತಿಂದರು, ಎಲ್ಲಿ ಮಲಗಿದರು ಎಂದು ಕೇಳಿದವರು ಕಡಿಮೆ. ಆ ಒಂದೇ ಪ್ರಶ್ನೆಯನ್ನು ಮೂವತ್ತೆರಡು ವರ್ಷ, ಅದೂ ಸಿಡುಕುತ್ತಲೇ, ಕೇಳುತ್ತ ಬಂದವರು ನಮ್ಮ ಸಂಶೋಧನಾ ವೇತನ ಶಾಖೆಯ ಅಧೀಕ್ಷಕಿ. ವಿದ್ಯಾರ್ಥಿಗಳ ಬಾಯಲ್ಲಿ ಅವರು ಕೆಂಪು ಪೆನ್ಸಿಲ್ ಮೇಡಂ. ಈ ತಿಂಗಳ ಕೊನೆಗೆ ನಿವೃತ್ತರಾಗಲಿರುವ ಅವರನ್ನು ಅಭಿನಂದಿಸುವುದು ಸುಲಭದ ಕೆಲಸವಲ್ಲ, ಏಕೆಂದರೆ ಹೊಗಳಿದರೆ ಅವರಿಗೆ ರೇಗುತ್ತದೆ.

ಅವರು ಬೆರಳಚ್ಚುಗಾರ್ತಿಯಾಗಿ ಸೇರಿದಾಗ ಶಾಖೆ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ, ಬರುತ್ತದೆಂಬ ಸುತ್ತೋಲೆ ಮಾತ್ರ ವರ್ಷಕ್ಕೊಮ್ಮೆ ಬರುತ್ತಿತ್ತು. ಸಂಶೋಧಕರ ಮಾಸಿಕ ವೇತನ ಹೆಸರಿಗಷ್ಟೇ ಮಾಸಿಕ. ಮಾರ್ಗದರ್ಶಕರು ಸಹಿ ಹಾಕದಿದ್ದರೆ ನಿಂತಿತು, ಹಾಕಿದರೂ ಮೊಹರು ಒಣಗುವುದರೊಳಗೆ ಒಂದು ರಜೆ ಅಡ್ಡ ಬಂದಿತು. ಮಧ್ಯದ ಹಸಿದ ತಿಂಗಳುಗಳಿಗೆಂದು ‘ನಿರ್ವಹಣಾ ನೆರವು’ ಎಂಬ ಒಂದು ಸಣ್ಣ ನಿಧಿಯಿತ್ತು. ಅರ್ಜಿಯಲ್ಲಿ ತಿಂಗಳ ಖರ್ಚು ಬರೆದರೆ ಸಮಿತಿ ಅದನ್ನು ನೋಡಿ ಹಣ ಕೊಡುತ್ತಿತ್ತು. ಹಿಂದಿರುಗಿಸಬೇಕಾದ ಹಣವಲ್ಲ, ಸಾಲವಲ್ಲ. ಆದರೂ ಅದು ವರ್ಷಾಂತ್ಯಕ್ಕೆ ಅರ್ಧಕ್ಕರ್ಧ ಉಳಿದು ಖಜಾನೆಗೆ ಮರಳುತ್ತಿತ್ತು, ವಿದ್ಯಾರ್ಥಿಗಳು ಮಾತ್ರ ಪೇಟೆಯಲ್ಲಿ ಬಡ್ಡಿಗೆ ಕೈಯೊಡ್ಡುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಎಲ್ಲರೂ ಶಾಖೆಯನ್ನೇ ಬೈದರು. ತಪ್ಪು ಪೂಜಾರಿಯದಲ್ಲ, ಬೇಡುವವರದು ಎಂದು ಪತ್ತೆ ಹಚ್ಚಿದವರು ಮೇಡಂ.

ಅದು ತಿಳಿದದ್ದು ಭೂವಿಜ್ಞಾನದ ಒಬ್ಬ ಹುಡುಗಿಯಿಂದ. ದರ್ಜಿಯೊಬ್ಬರ ಮಗಳು, ಜೇಬಿನಲ್ಲೂ ಚೀಲದಲ್ಲೂ ಕಲ್ಲು ತುಂಬಿಕೊಂಡೇ ಓಡಾಡುತ್ತಿದ್ದುದರಿಂದ ಎಲ್ಲರಿಗೂ ‘ಕಲ್ಲುಗಳ ಹುಡುಗಿ’. ಮಾರ್ಗದರ್ಶಕರು ದೀರ್ಘ ರಜೆಯ ಮೇಲೆ ಹೋಗಿ ಅವಳ ವೇತನ ನಾಲ್ಕು ತಿಂಗಳಿಂದ ನಿಂತಿತ್ತು. ಒಂದು ಮಧ್ಯಾಹ್ನ ಮೂರು ಮಹಡಿ ಹತ್ತಿ ಬಂದವಳು, ಶಾಖೆಯಲ್ಲಿಟ್ಟಿದ್ದ ತನ್ನ ಮೂಲ ಅಂಕಪಟ್ಟಿಗಳನ್ನು ವಾಪಸು ಕೊಡಿ ಎಂದಳು. ಏಕೆಂದು ಕೇಳಿದರೆ, ಸಾಲ ಕೊಡುವವನು ಅವನ್ನು ಅಡವಿಡಲು ಹೇಳಿದ್ದಾನಂತೆ; ಸಾಲ ಸಿಗದಿದ್ದರೆ ಸಂಶೋಧನೆ ಬಿಟ್ಟು ಮನೆಗೆ ಹೊರಡುವುದಂತೆ. ನೆರವಿಗೆ ಅರ್ಜಿ ಹಾಕಲಿಲ್ಲವೇ ಎಂದರೆ, ಹಾಕಿದ್ದೆ, ‘ಅಗತ್ಯ ಕಂಡುಬರುವುದಿಲ್ಲ’ ಎಂದು ತಿರಸ್ಕರಿಸಿದರು ಎಂದಳು. ಮೇಡಂ ಕಡತ ತೆಗೆದು ನೋಡಿದರು. ಬಾಡಿಗೆ: ಸೊನ್ನೆ. ಊಟ: ಒಬ್ಬ ಮನುಷ್ಯ ವಾರವೂ ಬದುಕಲಾರದಷ್ಟು. ಅವರು ಕೆಂಪು ಪೆನ್ಸಿಲ್ ತೆಗೆದು ಅಂಚಿನಲ್ಲಿ ‘ಸುಳ್ಳು’ ಎಂದು ಬರೆದರು.

ಹುಡುಗಿಗೆ ಅಪಮಾನವಾಯಿತು. "ಒಂದೊಂದು ಅಂಕಿನೂ ನಿಜ ಮೇಡಂ. ಬಾಡಿಗೆ ನಾಲ್ಕು ತಿಂಗಳಿಂದ ಕೊಟ್ಟೇ ಇಲ್ಲ. ಕೊಡದೆ ಇರೋದನ್ನ ಖರ್ಚು ಅಂತ ಹೇಗೆ ಬರೀಲಿ? ಊಟಾನೂ ಅಷ್ಟೇ. ಎಷ್ಟು ತಿಂದೆನೋ ಅಷ್ಟೇ ಬರ್ದಿದ್ದೀನಿ."

"ಹಸ್ಕೊಂಡಿದ್ದನ್ನ ಎಲ್ಲಿ ಬರ್ದಿದ್ದೀಯಮ್ಮಾ?" ಎಂದರು ಮೇಡಂ.

ಹುಡುಗಿ ತನ್ನ ಅರ್ಜಿಯನ್ನೇ ಇನ್ನೊಮ್ಮೆ ತಿರುವಿ ನೋಡಿದಳು. ಮೇಡಂ ಹಣೆ ಚಚ್ಚಿಕೊಂಡರು. ಕೂದಲೆಳೆಯ ದಪ್ಪ ಅಳೆಯಬಲ್ಲ ಜನ, ತಮ್ಮ ಹೊಟ್ಟೆ ಎಷ್ಟು ಖಾಲಿಯಿದೆ ಎಂದು ಹೇಳಲಾರರಲ್ಲ! ಹಳೆಯ ಅರ್ಜಿಗಳನ್ನು ಕೆದಕಿದರೆ ಎಲ್ಲರದೂ ಇದೇ ಕಥೆ: ಅಳೆದದ್ದನ್ನಷ್ಟೇ ಬರೆಯಬೇಕೆಂದು ಕಲಿತವರು ಬೇಕಾದದ್ದನ್ನು ಬರೆಯಲೇ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅಂದೇ ಅವರು ತಿರುಗಿಸಿಬಿಟ್ಟರು. ನಿನ್ನ ಕಾಲು ಎಷ್ಟುದ್ದ ಅಂತ ಮೊದಲು ಹೇಳು, ಹಾಸಿಗೆ ಆಮೇಲೆ ಹುಡುಕೋಣ ಎಂಬುದು ಅವರ ಮಾತಾಯಿತು. ಅಂಕಪಟ್ಟಿಗಳನ್ನು ಕೊಡದೆ ಬೀರುವಿಗೆ ಬೀಗ ಹಾಕಿ, ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಹೊಸ ಅರ್ಜಿ ಬರೆಸಿದರು; ಹದಿನಾಲ್ಕನೆಯ ದಿನ ಹಣ ಬಂತು. ಹುಡುಗಿ ಕಲ್ಲುಗಳ ಬಳಿಗೆ ಹಿಂದಿರುಗಿದಳು, ಸಾಲ ಕೊಡುವವನು ಬೇರೆ ಗಿರಾಕಿಯನ್ನು ನೋಡಿಕೊಂಡ.

ಅಂದಿನಿಂದ ಅರ್ಜಿ ತಂದವರೆಲ್ಲ ಮೊದಲು ಬೆಳಗ್ಗೆ ಏನು ತಿಂದೆವೆಂದು ಒಪ್ಪಿಸಬೇಕಾಯಿತು. ಬರೀ ಚಹಾ ಎಂದವರ ಅರ್ಜಿ ‘ಸುಳ್ಳು, ತಿದ್ದಿ ತನ್ನಿ’ ಎಂದು ಮರಳುತ್ತಿತ್ತು. ಒಂಟಿಯಾಗಿ ದುಬಾರಿ ಕೋಣೆ ಹಿಡಿದವರನ್ನು ಗದರಿಸಿ ಮೂವರನ್ನು ಒಂದು ಮನೆಗೆ ಸೇರಿಸಿದರು. ಕರಡು ತಿದ್ದುವುದು, ಪರೀಕ್ಷಾ ಕೊಠಡಿ ನೋಡಿಕೊಳ್ಳುವುದು ಮೊದಲಾದ ಬಿಡಿ ಕೆಲಸಗಳು ಎಲ್ಲಿದ್ದರೂ ವಾಸನೆ ಹಿಡಿದು ಹುಡುಕಿ ತಂದರು. ಪದವಿ ಪಡೆದು ಹೊರಟವರು ಕುಕ್ಕರು, ಸೈಕಲ್ಲುಗಳನ್ನು ಮಾರುವಂತಿರಲಿಲ್ಲ, ಹೊಸಬರಿಗೆಂದು ಶಾಖೆಯ ಮೂಲೆಗೆ ತಂದಿಡಬೇಕಿತ್ತು. ಕುಲಸಚಿವರೊಬ್ಬರು ಇದೇನು ಕಚೇರಿಯೋ ಪಾತ್ರೆ ಅಂಗಡಿಯೋ ಎಂದು ಕೇಳಿದಾಗ, ವೇತನವನ್ನು ಹೊತ್ತಿಗೆ ಸರಿಯಾಗಿ ಕೊಡಿಸಿ, ನಾಳೆಯೇ ಅಂಗಡಿ ಮುಚ್ಚುತ್ತೇನೆ ಎಂದರಂತೆ. ಅಂಗಡಿ ಇಂದಿಗೂ ತೆರೆದಿದೆ.

ಕಳೆದ ತಿಂಗಳು ಮೇಡಂ ತಮ್ಮ ನಿವೃತ್ತಿಯ ಕಾಗದಪತ್ರ ತುಂಬಿದರು. ಮಂಡಿನೋವಿನಿಂದ ಅವರು ಒಂದೊಂದೇ ಮೆಟ್ಟಿಲಲ್ಲಿ ನಿಂತು ಹತ್ತುವುದನ್ನು ಹತ್ತು ವರ್ಷದಿಂದ ನಾವೆಲ್ಲ ಕಂಡಿದ್ದೇವೆ. ಆದರೆ ಆ ಕಾಗದಗಳ ಜೊತೆ ತುಂಬಲೇಬೇಕಾದ ವೈದ್ಯಕೀಯ ನೆರವಿನ ಅರ್ಜಿಯಲ್ಲಿ, ಔಷಧಿಗೆ ತಿಂಗಳ ಖರ್ಚು ಎಂಬ ಕಡೆ, ಅವರು ಬರೆದದ್ದು ಸೊನ್ನೆ. ಆ ಅರ್ಜಿ ಹೋದದ್ದು ನೌಕರರ ಕ್ಷೇಮ ಸಮಿತಿಗೆ. ಅದರ ಅಧ್ಯಕ್ಷೆ ಈಗ ಭೂವಿಜ್ಞಾನ ವಿಭಾಗದ ಮುಖ್ಯಸ್ಥೆಯಾಗಿರುವ, ಕೂದಲು ನರೆತ ಕಲ್ಲುಗಳ ಹುಡುಗಿ. ಅವರು ಅರ್ಜಿ ಹಿಡಿದು ತಾವೇ ಮೂರು ಮಹಡಿ ಹತ್ತಿ ಬಂದು ಮೇಜಿನ ಮೇಲಿಟ್ಟರು. ಅಂಚಿನಲ್ಲಿ ಕೆಂಪು ಅಕ್ಷರವಿತ್ತು.

ಮೇಡಂ ಸಿಡಿದರು. "ಇದರಲ್ಲಿ ಸುಳ್ಳು ಏನಿದೆ? ಮಾತ್ರೆ ನಾನು ತಗೊಳ್ತಾನೇ ಇಲ್ಲ. ಹೇಗೋ ನಡೀತಿದೆ."

"ನುಂಗದೆ ಇರೋ ಮಾತ್ರೆನ ಎಲ್ಲಿ ಬರ್ದಿದ್ದೀರಾ ಮೇಡಂ?"

ಶಾಖೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕೆಲಸ ಮಾಡುವವರಂತೆ ನಟಿಸಿದರು. ಮೇಡಂ, ಸಾಕಪ್ಪಾ ನಿಮ್ಮ ಸಹವಾಸ ಎಂದು ಗೊಣಗುತ್ತ, ಸೊನ್ನೆಯನ್ನು ಹೊಡೆದು ತಿದ್ದಿ ಬರೆದರು. ಕಣ್ಣು ಒರೆಸಿಕೊಂಡದ್ದು ಧೂಳಿಗೆ ಎಂದು ಅವರ ಹೇಳಿಕೆ. ಅದನ್ನೂ ತಿದ್ದಿ ತರಬೇಕೆಂದು ನಮ್ಮ ಬೇಡಿಕೆ.

ಶಾಖೆಯನ್ನು ಕೆಳಮಹಡಿಗೆ ಇಳಿಸುವ ಆದೇಶ, ನೋಡಿ, ಈ ವಾರ ಬಂದಿದೆ! ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಬಂದು ಅರ್ಜಿ ಬರೆಸುತ್ತೇನೆ ಎಂದು ಅವರು ಈಗಾಗಲೇ ಗದರಿಸಿ ಹೇಳಿರುವುದರಿಂದ, ಬಾಗಿಲ ಬಳಿ ಕುರ್ಚಿ ಹಾಕಿಸಿದ್ದೇವೆ. ಮಾತ್ರೆ ನುಂಗಿ, ಹೊತ್ತಿಗೆ ಉಂಡು, ನಮ್ಮೆಲ್ಲರ ಮೇಲೆ ಸಿಡುಕುತ್ತ ಅವರು ನೂರು ವರ್ಷ ಬಾಳಲಿ. ಬೀರುವಿನ ಬೀಗದ ಕೈ, ಮೊಹರು, ಕಡತಗಳನ್ನೆಲ್ಲ ಅವರು ಒಪ್ಪಿಸಿಯಾಗಿದೆ. ಕೆಂಪು ಪೆನ್ಸಿಲನ್ನು ಮಾತ್ರ ಒಪ್ಪಿಸಿಲ್ಲ, ನಾವೂ ಕೇಳಿಲ್ಲ.