ಗಾಲಿಯ ಅಂಚಿನ ಸೀಸ

ನಾನು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಬಲೆ ಹೆಣೆಯಲು ಅಷ್ಟು ಸಾಕು, ಕಣ್ಣಿ ಎಣಿಸಲು ಬಂದರಾಯಿತು. ಕೃಷ್ಣೆಯ ದಂಡೆಯ ನಮ್ಮೂರಲ್ಲಿ ಬೀಸುಬಲೆ ಬೇಕಾದವರು ನನ್ನ ಹತ್ತಿರವೇ ಬರುತ್ತಾರೆ. ಬೀಸುಬಲೆಯ ಗುಟ್ಟೆಲ್ಲ ಅದರ ಅಂಚಿನಲ್ಲಿದೆ. ಸುತ್ತಲೂ ಸೀಸದ ಗುಂಡುಗಳನ್ನು ಸಮನಾಗಿ ಕಟ್ಟಿದರೆ ಬಲೆ ಗಾಳಿಯಲ್ಲಿ ರೊಟ್ಟಿಯಂತೆ ದುಂಡಗೆ ಬಿಚ್ಚಿಕೊಂಡು ನೀರಿಗೆ ಬೀಳುತ್ತದೆ. ಒಂದು ಕಡೆ ಹಗುರಾದರೆ ಸೊಟ್ಟಗೆ ಬಿದ್ದು ಮೀನಿಗೆ ದಾರಿ ಬಿಡುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು ಎಂಬುದೇ ಈಗ ನಾಚಿಕೆಯ ವಿಷಯ.

ನನ್ನ ತಮ್ಮನದು ಬಾಡಿಗೆ ಕಾರು. ದಿನಾ ಬೆಳಿಗ್ಗೆ ರಂಗಂಪೇಟೆಯಿಂದ ಮೂವರನ್ನು ಹತ್ತಿಸಿಕೊಂಡು ಶಹಾಪುರದ ಮೇಲಿಂದ ಯಾದಗಿರಿಗೆ ಹೋಗುತ್ತಾನೆ. ಹಿಂದಿನ ಸೀಟಿನಲ್ಲಿ ಒಬ್ಬರು ಗುಮಾಸ್ತರು, ಒಬ್ಬರು ಮಾಸ್ತರು, ಮುಂದೆ ಶಾಲೆಯ ಅಕ್ಕೋರು. ರಾತ್ರಿ ಕಾರು ನಮ್ಮ ಅಂಗಳದಲ್ಲಿ ನಿಲ್ಲುತ್ತದೆ. ಅದನ್ನು ತೊಳೆಯುತ್ತಿದ್ದವಳು ನಾನು. ಯಾರೂ ಹೇಳಿದ್ದಲ್ಲ, ಅದರ ಹೊಳಪು ನೋಡುವ ಚಟ.

ಒಂದು ದಿನ ಮುಂದಿನ ಗಾಲಿ ಉಜ್ಜುವಾಗ ಕಬ್ಬಿಣದ ಅಂಚಿಗೆ ಕಚ್ಚಿಕೊಂಡಿದ್ದ ಬೆರಳುದ್ದದ ತುಂಡೊಂದು ಕಂಡಿತು. ಉಗುರಿನಿಂದ ಗೀರಿದೆ. ಸೀಸ. ಆಗ ಹೆಣೆಯುತ್ತಿದ್ದ ಬಲೆಗೆ ಕೆಲವು ಗುಂಡು ಕಡಿಮೆ ಬಿದ್ದಿದ್ದವು. ಯಾರೋ ಮಿಸ್ತ್ರಿ ಕೆಲಸ ಮುಗಿಸಿ ಉಳಿದದ್ದನ್ನು ಅಲ್ಲೇ ಮೆತ್ತಿ ಹೋಗಿದ್ದಾನೆ ಅಂದುಕೊಂಡು, ಮುಂದಿನ ಎರಡು ಗಾಲಿಗಳಿಂದ ಮೂರು ತುಂಡುಗಳನ್ನು ಇಕ್ಕಳದಿಂದ ಕಿತ್ತೆ. ಕಲ್ಲಿನ ಮೇಲಿಟ್ಟು ಬಡಿದು ಬಲೆಯ ಅಂಚಿಗೆ ಮಡಚಿದೆ. ಗಾಡಿ ಇನ್ನಷ್ಟು ಸ್ವಚ್ಛವಾಯಿತೆಂಬ ಸಮಾಧಾನ ಬೇರೆ.

ಅದರ ಮರುದಿನದಿಂದ ತಮ್ಮನ ಸ್ಟೇರಿಂಗ್ ನಡುಗತೊಡಗಿತು. ಊರೊಳಗೆ ಏನೂ ಇಲ್ಲ. ಹತ್ತಿಗೂಡೂರು ದಾಟಿ ನೇರ ರಸ್ತೆಯಲ್ಲಿ ವೇಗ ಎಂಬತ್ತಕ್ಕೆ ಏರಿದರೆ ಸಾಕು, ಹಿಡಿದ ಕೈಗಳು ಮೊಣಕೈಯವರೆಗೆ ಗಡಗಡ. ಪಕ್ಕದಲ್ಲಿ ಕುಳಿತ ಅಕ್ಕೋರಿಗೆ ಕಾಣುತ್ತಿದ್ದುದು ಆ ಕೈಗಳು ಮಾತ್ರ.

"ಏನಪ್ಪಾ, ಕೈ ಯಾಕ ನಡಗಾಕತ್ತಾವ?" ಎಂದು ಅವರು ಕೇಳಿದರಂತೆ.

"ಕೈ ಅಲ್ರಿ ಅಕ್ಕೋರ, ಸ್ಟೇರಿಂಗ್ ನಡಗಾಕತ್ತೈತಿ."

"ಹೌದೌದು," ಎಂದರಂತೆ ಹಿಂದಿನಿಂದ ಗುಮಾಸ್ತರು. "ಮುಂಜಾನಿ ಒಂದಿಷ್ಟು ಹಾಕ್ಕೊಂಡ್ರ ಸ್ಟೇರಿಂಗೂ ನಡಗತೈತಿ, ರೋಡೂ ನಡಗತೈತಿ."

ಈ ಮಾತಿಗೆ ಹಿನ್ನೆಲೆ ಇತ್ತು. ಎರಡು ವರ್ಷದ ಹಿಂದೆ ತಮ್ಮ ಕುಡಿಯುತ್ತಿದ್ದ. ಬೆಳಿಗ್ಗೆ ಚಹದ ಕಪ್ಪು-ಬಸಿ ಹಿಡಿದರೆ ಅರ್ಧ ನೆಲಕ್ಕೆ ಚೆಲ್ಲುತ್ತಿತ್ತು. ನಾನೇ ಬೈದು, ಅತ್ತು, ಕೊನೆಗೆ ನನ್ನ ತಲೆಯ ಮೇಲೆ ಕೈ ಇರಿಸಿ ಆಣೆ ಹಾಕಿಸಿದ್ದೆ. ಅಂದಿನಿಂದ ಅವನು ಮುಟ್ಟಿಲ್ಲ. ಅವನನ್ನು ಬಿಡಿಸಿದವಳು ನಾನು ಎಂದು ಓಣಿಯಲ್ಲಿ ನನಗೊಂದು ಹೆಸರೂ ಬಂದಿತ್ತು.

ಭಾನುವಾರ ತಮ್ಮ ರಂಗಂಪೇಟೆಯ ಮಿಸ್ತ್ರಿಯ ಹತ್ತಿರ ಕಾರು ಒಯ್ದ. ಅವರನ್ನು ಎಲ್ಲರೂ ಉಸ್ತಾದ್ ಅನ್ನುತ್ತಾರೆ. ನನಗೂ ಪಕ್ಕದ ಸುರಪುರದಲ್ಲಿ ದಾರ ಕೊಳ್ಳುವುದಿತ್ತು, ಜೊತೆಗೆ ಹೋದೆ.

"ಯಾವಾಗ ನಡಗತೈತಿ?" ಎಂದರು ಉಸ್ತಾದ್.

"ಎಂಬತ್ತು ದಾಟಿದ ಮ್ಯಾಲ. ಅರವತ್ತರಾಗ ಹೂವಿನಂಗ ಹೋಗತೈತಿ."

"ಬ್ರೇಕ್ ಹೊಡದಾಗ ಹೆಚ್ಚಾಗತೈತೇನು?"

"ಇಲ್ಲ."

"ಒಂದ ಕಡಿಗೆ ಎಳಿತೈತೇನು?"

"ಇಲ್ಲ ಉಸ್ತಾದ್. ನಡಗಿಕೋತ ನೆಟ್ಟಗ ಹೋಗತೈತಿ."

"ನಿನ್ನಂಗ ಅನ್ನು."

ಜಾಕ್ ಏರಿಸಿ, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ ನೋಡಿದರು. ಸಡಿಲ ಎಲ್ಲೂ ಇರಲಿಲ್ಲ. ಮುಂದಿನ ಗಾಲಿಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಶಹಾಪುರ ರಸ್ತೆಯಲ್ಲಿ ಒಂದು ಸುತ್ತು ಓಡಿಸಿಕೊಂಡು ಬಂದರು. ಇಳಿಯುವಾಗ ನಗುತ್ತಿದ್ದರು.

"ಸ್ಟೇರಿಂಗ್ ಶಾಂತ ಆತು. ಈಗ ಸೀಟು ನಡಗಾಕತ್ತೈತಿ. ರೋಗ ಗಾಲಿ ಜೋಡಿ ಹಿಂದಕ ಹೋತು." ಕುಳಿತು ಗಾಲಿಯ ಅಂಚಿನ ಮೇಲೆ ಬೆರಳಾಡಿಸಿದರು. "ನೋಡಿಲ್ಲಿ, ತೂಕ ಸಮಾ ಮಾಡಾಕ ಹಾಕಿದ ಸೀಸ ಇತ್ತು. ಬಿದ್ದು ಹೋಗೈತಿ. ಶಹಾಪುರದಾಗ ಮಿಷನ್ ಐತಿ, ಹಾಕಿಸ್ಕೊ."

"ಇಷ್ಟ ಸೀಸಕ್ಕ ಅಷ್ಟು ಕುಣಿತೈತೇನು?"

"ಬಲಿ ಹೆಣಿಯೋ ನಿಮ್ಮಕ್ಕನ್ನ ಕೇಳು. ಅಂಚಿಗೆ ಒಂದು ಗುಂಡು ಕಮ್ಮಿ ಆದ್ರ ಏನಾಗತೈತಿ, ಆಕಿ ಹೇಳತಾಳ."

ಇಬ್ಬರೂ ನನ್ನ ಕಡೆ ನೋಡಿದರು.

"ಸೊಟ್ಟ ಬೀಳತೈತಿ," ಅಂದೆ. ಅಷ್ಟೇ ಅಂದೆ.

ಸೋಮವಾರ ಶಹಾಪುರದಲ್ಲಿ ಹೊಸ ಸೀಸ ಹಾಕಿಸಿದ. ನಡುಕ ನಿಂತಿತು. ಅಲ್ಲಿಗೆ ಎಲ್ಲ ಮುಗಿಯಿತು, ನಾನು ಬಾಯಿ ಬಿಡುವ ಅಗತ್ಯವೇ ಇಲ್ಲ ಎಂದು ನೆಮ್ಮದಿಯಾಗಿದ್ದೆ. ಆದರೆ ಕಾರಿನಲ್ಲಿದ್ದವರ ಲೆಕ್ಕಾಚಾರ ಬೇರೆಯಿತ್ತು. ಮೊನ್ನೆ ನಡುಗಿದ ಕೈ ಇಂದು ನಡುಗದಿದ್ದರೆ ಏನರ್ಥ? ಮನೆಯಲ್ಲಿ ಯಾರೋ ಗದರಿಸಿದ್ದಾರೆ, ನಾಲ್ಕು ದಿನ ಬಿಟ್ಟಿದ್ದಾನೆ, ಮತ್ತೆ ಹಿಡಿಯುತ್ತಾನೆ. ಇವನು ಸೀಸದ ಕಥೆ ಹೇಳಿದಷ್ಟೂ ಅವರಿಗೆ ಅನುಮಾನ ಗಟ್ಟಿಯಾಯಿತು. ಮುಂದಿನ ತಿಂಗಳಿಂದ ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಎಂದು ಅಕ್ಕೋರು ಮೆತ್ತಗೆ ಹೇಳಿದರಂತೆ.

ಆ ಸಂಜೆ ತಮ್ಮ ಬಂದು ನಾನು ಹೆಣೆಯುತ್ತಿದ್ದಲ್ಲೇ ಕುಳಿತ. ಕೇಳದೆಯೇ ನನ್ನ ತಲೆಯ ಮೇಲೆ ಕೈ ಇಟ್ಟ.

"ಅಕ್ಕಾ, ಕುಡದಿಲ್ಲ. ನೀ ಒಬ್ಬಾಕಿ ನಂಬಿದ್ರ ಸಾಕು."

ಆ ಮೂರು ತುಂಡು ಸೀಸ ಬಲೆಯ ಅಂಚಿನಲ್ಲಿ ನನ್ನ ಮಡಿಲಲ್ಲೇ ಇದ್ದವು. ಆಗಲಾದರೂ ಹೇಳಬಹುದಿತ್ತು. ಬಿಡಿಸಿದವಳು ಎಂಬ ನನ್ನ ಹೆಸರು ಅಡ್ಡ ಬಂತು. ಬುದ್ಧಿ ಹೇಳುವವಳೇ ತಮ್ಮನ ಗಾಡಿಗೆ ಕೈ ಹಾಕಿದಳಂತೆ ಎಂದು ಓಣಿಯಲ್ಲಿ ನಗುತ್ತಾರಲ್ಲ ಎಂಬುದಷ್ಟೇ ತಲೆಯಲ್ಲಿತ್ತು.

"ನಂಬತೀನಿ ಬಿಡು. ಆಗಿದ್ದಾತು," ಅಂದೆ, ದೊಡ್ಡ ಮನಸ್ಸಿನಿಂದ ಕ್ಷಮಿಸಿದವಳ ಹಾಗೆ.

ಅವನು ನನ್ನ ಮುಖವನ್ನೇ ನೋಡಿ, ಕೈ ತೆಗೆದು, ಎದ್ದು ಹೋದ. ಅದಾದ ಮೇಲೆ ಎಷ್ಟು ಸಲ ಎಣಿಸಿದರೂ ಕಣ್ಣಿ ತಪ್ಪುತ್ತಿತ್ತು. ಕೊನೆಗೆ ಬಲೆ ಪಕ್ಕಕ್ಕೆ ಸರಿಸಿದೆ.

ಮರುದಿನ ಬೆಳಿಗ್ಗೆ ಬಲೆಯನ್ನು ಚೀಲಕ್ಕೆ ತುರುಕಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತೆ. ಶಹಾಪುರದ ಸಂತೆಗೆ ಹೊರಟಿದ್ದಾಳೆ ಅಂದುಕೊಂಡ ತಮ್ಮ. ರಂಗಂಪೇಟೆಯಲ್ಲಿ ಮೂವರೂ ಹತ್ತಿದರು. ಹತ್ತಿಗೂಡೂರು ದಾಟಿತು, ಎಂಬತ್ತು ಆಯಿತು. ಸ್ಟೇರಿಂಗ್ ಕಲ್ಲಿನಂತೆ ನಿಂತಿತ್ತು. ನಾನು ಚೀಲ ಬಿಚ್ಚಿ ಬಲೆಯನ್ನು ಮಾಸ್ತರ ತೊಡೆಯ ಮೇಲೆಯೇ ಹರಡಿದೆ.

"ಅಕ್ಕೋರ, ಇವನ ಗಾಲಿ ಸೀಸ ಇಲ್ಲೈತ್ರಿ. ಕಿತ್ತಾಕಿ ನಾನು. ಇಂವ ಒಂದು ಹನಿ ಮುಟ್ಟಿಲ್ಲ."

ಎಲ್ಲರ ಮುಂದೆ ಹೇಳಿದ್ದು ಧೈರ್ಯದಿಂದ ಎಂದು ಆಮೇಲೆ ಮಾಸ್ತರು ಹೊಗಳಿದರು. ನಿಜ ಬೇರೆ. ಬಾಡಿಗೆಯವರ ಮುಂದೆ ತಮ್ಮ ನನಗೆ ಬಯ್ಯಲಾರ ಎಂಬ ಉಪಾಯವೂ ಅದರಲ್ಲಿತ್ತು.

ಅವನು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಅಕ್ಕೋರು ಹಿಂದಕ್ಕೆ ತಿರುಗಿ ಬಲೆಯ ಅಂಚಿನ ಸೀಸವನ್ನು ಎರಡು ಬೆರಳಲ್ಲಿ ಹಿಡಿದು ತೂಗಿ ನೋಡಿದರು. "ಇಷ್ಟಕ್ಕ?"

"ಬೇಕಂದ್ರ ಈಗ ಮತ್ತ ಕಿತ್ತು ತೋರಸ್ತಾಳ್ರಿ," ಎಂದ ತಮ್ಮ. ಗುಮಾಸ್ತರು ನಕ್ಕರು. ಅವನು ನಗಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದ, "ನಿನ್ನಿ ತಲಿ ಮ್ಯಾಲ ಕೈ ಇಟ್ಟಾಗ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

ಗಾಡಿ ಚಾಲೂ ಮಾಡಿದ. ಶಹಾಪುರದಲ್ಲಿ ನಾನು ಇಳಿಯುವಾಗ ಅಕ್ಕೋರು ಅವನಿಗೆ, "ಮುಂದಿನ ತಿಂಗಳೂ ನಮ್ಮದು ಇದ ಗಾಡಿನಪ್ಪ," ಅಂದದ್ದು ಕೇಳಿಸಿತು.

ಈಗ ಕಾರು ಅವನೇ ತೊಳೆಯುತ್ತಾನೆ. ನೀರು ಸೇದಿ ಕೊಡುವಷ್ಟು ಕೆಲಸ ನನಗೆ ಬಿಟ್ಟಿದ್ದಾನೆ. ಹೊರಡುವ ಮುಂಚೆ ಬಗ್ಗಿ ನಾಲ್ಕೂ ಗಾಲಿಗಳ ಅಂಚಿಗೆ ಬೆರಳಾಡಿಸುತ್ತಾನೆ, ನಾನು ಕೊಡ ಹಿಡಿದು ಪಕ್ಕದಲ್ಲೇ ನಿಂತಿದ್ದರೂ.

"ಎಲ್ಲಾ ಅದಾವೇನು?" ಎಂದು ಕೇಳುತ್ತೇನೆ.

"ಅದಾವ," ಎನ್ನುತ್ತಾನೆ, ತಲೆ ಎತ್ತದೆ.