ನಾಲ್ಕು ಮಂದಿಗೆ ಆಗುವಷ್ಟು ಹವಾ

ಹೋದ ವಾರ ಟೈರ್ ಅಂಗಡಿಯಲ್ಲಿ ಒಂದು ಸುಳ್ಳು ಹೇಳಿದೆ. ನಾನು ಸುಳ್ಳು ಹೇಳುವವಳಲ್ಲ. ಇದ್ದದ್ದನ್ನು ಇದ್ದ ಹಾಗೆ ಮುಖಕ್ಕೇ ಹೇಳಿ ಬೈಸಿಕೊಳ್ಳುವವಳು. (ಈ ಅಂಕಣ ಓದಿ ಫೇಸ್‌ಬುಕ್ಕಿನಲ್ಲಿ ನೀವೂ ಬೈದಿದ್ದೀರಿ.)

ಮನೆ ಗಜೇಂದ್ರಗಡ, ಶಾಲೆ ನರಗುಂದ. ಆರು ವರ್ಷದಿಂದ ನಾವು ನಾಲ್ವರು ಟೀಚರುಗಳು ನನ್ನ ಕಾರಿನಲ್ಲೇ ಹೋಗಿಬರುತ್ತಿದ್ದೆವು. ಪಕ್ಕದಲ್ಲಿ ಶಾಂತಕ್ಕ, ಹಿಂದೆ ರೇಣುಕಾ ಮತ್ತು ಸುಮಂಗಲಾ. ಈ ವರ್ಷ ಮೂವರೂ ಬಸ್ಸು ಹತ್ತಿದರು. ಯಾಕೆ?

"ನಿಮ್ಮ ಗಾಡಿ ಭಾಳ ಸಪ್ಪಳ ಮಾಡತೈತ್ರಿ ಬಾಯಾರ. ಇಳಿಯೂತನಾ ತಲಿ ಗುಂಯ್ ಅಂತೈತಿ" ಅಂದರು ಶಾಂತಕ್ಕ.

ಟೈರು ಸವೆದು ಬೋಳಾಗಿದ್ದದ್ದು ನಿಜ. ಮಳೆ ಬಿದ್ದ ದಿನ ಬ್ರೇಕ್ ಹಿಡಿದರೆ ಕಾರು ಜಾರುತ್ತಿತ್ತು ಕೂಡ. ಸರಿ, ಟೈರ್ ಬದಲಿಸಿದರೆ ಮೂವರೂ ವಾಪಸ್ ಬರುತ್ತಾರಲ್ಲ!

ರೋಣದ ಅಂಗಡಿಯ ಮೌಲಾಸಾಬರು ಎರಡು ಟೈರ್ ಉರುಳಿಸಿಕೊಂಡು ಬಂದರು.

"ಇದು ಸ್ವಸ್ತದ್ದು, ಭಾಳ ದಿನ ಬಾಳತೈತಿ. ಸಪ್ಪಳ ಜರಾ ಜಾಸ್ತಿ. ಇದು ಮೆತ್ತಂದು. ಹಸಿ ರಸ್ತಾದಾಗ ಗಟ್ಟಿ ಹಿಡಿತೈತಿ, ಸಪ್ಪಳನ ಇಲ್ಲ. ಆದ್ರ ಲಗೂ ಸವಿತೈತಿ, ರೊಕ್ಕಾನೂ ಜಾಸ್ತಿ."

"ಮೆತ್ತಂದ ಹಾಕ್ರಿ."

"ದಿನಾ ಇಷ್ಟು ದೂರ ಓಡಸಾವ್ರು ನೀವು, ಸ್ವಸ್ತದ್ದ ಒಯ್ರಿ. ಸಪ್ಪಳ ಏನ್ ಮಾಡತೈತಿ? ಹಾಡು ಹಚ್ಚಿದ್ರಾತು."

"ನನಗ ಹಾಡು ಬ್ಯಾಡ್ರಿ. ಮಾತು ಕೇಳಬೇಕು."

ಟೈರ್ ಕೂಡಿಸಿ, ಹವಾ ತುಂಬುವ ಪೈಪ್ ಹಿಡಿದು ಕೇಳಿದರು, "ಗಾಡ್ಯಾಗ ಎಷ್ಟ ಮಂದಿ ಕುಂದ್ರತೀರಿ? ಅದನ್ನ ನೋಡಿ ಹವಾ ಹಾಕೂದು."

"ನಾಕ ಮಂದಿ" ಅಂದೆ.

ಸುಳ್ಳು ಅದೇ.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಮುಂದೆ ಕಾರು ನಿಲ್ಲಿಸಿ ಗ್ಲಾಸ್ ಇಳಿಸಿದೆ. "ಬರ್ರಿ, ಬರ್ರಿ! ಹೊಸಾ ಟೈರು. ಈಗ ಒಂದಿಷ್ಟೂ ಸಪ್ಪಳಿಲ್ಲ."

ಶಾಂತಕ್ಕ ಬಸ್ಸು ಬರುವ ಕಡೆ ನೋಡಿದರು. "ಬಸ್ಸು ಹೆಂಗೂ ಫ್ರೀ ಐತಲ್ರಿ" ಅಂದಳು ರೇಣುಕಾ. ಸುಮಂಗಲಾ ಎಲ್ಲರಿಗಿಂತ ಸಣ್ಣವಳು. ಬಾಯಿ ಮಾತ್ರ ನನ್ನಷ್ಟೇ.

"ಅಕ್ಕಾರ, ಟೈರ್ ಪಾಪ ಏನ್ ಮಾಡ್ಯಾವ್ರಿ? ಊರು ಬಿಟ್ಟಾಗಿಂದ ನರಗುಂದ ಗುಡ್ಡ ಕಾಣೂತನಾ ನಮ್ಮ ಸೀರಿ, ನಮ್ಮ ಅಡಗಿ, ನಮ್ಮ ಗಂಡಂದ್ರು, ಒಂದನ್ನೂ ಬಿಡೂದಿಲ್ಲ ನೀವು. ಬಸ್ಸಿನ್ಯಾಗ ನಿಂತ್ಕೊಂಡು ಹೋದ್ರೂ ಆರಾಮ ಐತ್ರಿ."

ಹೇಳಿ ನಕ್ಕಳು. ಉಳಿದಿಬ್ಬರು ನಗಲಿಲ್ಲ. ಚುಚ್ಚಿದ್ದು ಅದು.

ಒಬ್ಬಳೇ ಹೊರಟೆ. ಹೊಸ ಟೈರು ನಿಜಕ್ಕೂ ಸಪ್ಪಳ ಮಾಡುವುದಿಲ್ಲ. ಎಷ್ಟರಮಟ್ಟಿಗೆ ಅಂದರೆ, ಹಿಂದಿನ ಸೀಟಿನ ಬೆಲ್ಟ್ ಬಾಗಿಲಿಗೆ ಟಕ್ ಟಕ್ ಬಡಿಯುವುದೂ ಕೇಳಿಸುತ್ತದೆ. ತಗ್ಗು ಬಂದಾಗಲೆಲ್ಲ ಕಾರು ಚೆಂಡಿನ ಹಾಗೆ ಪುಟಿಯುತ್ತಿತ್ತು. ಹವಾ ನಾಲ್ಕು ಮಂದಿಯದು, ಭಾರ ಒಬ್ಬಳದು!

ಆ ನಿಶ್ಶಬ್ದದಲ್ಲೇ ನೆನಪಾಯಿತು. ಶಾಂತಕ್ಕ ಒಂದು ದಿನ ಹೊಸ ಸೀರೆ ಉಟ್ಟು ಬಂದಿದ್ದರು. ಅವರ ಅಣ್ಣ ತನ್ನ ಮಗ್ಗದಲ್ಲೇ ಅಗಲ ಅಂಚು ಹಾಕಿ ನೇಯ್ದು ಕೊಟ್ಟದ್ದು. "ಏನ್ ದಡೀನ ಇದು? ಕಿಡಕಿ ಪರದೆ ಸುತಗೊಂಡಂಗ ಕಾಣತೈತಿ" ಅಂದಿದ್ದೆ. ಅಂದು ಜೋರಾಗಿ ನಕ್ಕಿದ್ದೆ. ನರಗುಂದ ಬರುವವರೆಗೂ ಶಾಂತಕ್ಕ ಹೊರಗೇ ನೋಡುತ್ತ ಕೂತಿದ್ದರು. ಆ ಸೀರೆಯನ್ನು ಅವರು ಮತ್ತೆ ಉಡಲಿಲ್ಲ. ಅದಾಗಿ ವಾರಕ್ಕೆ ನನ್ನ ಟೈರುಗಳ ಸಪ್ಪಳ ಅವರ ತಲೆಗೆ ಹತ್ತಿತು.

ಸಂಜೆ ಮೌಲಾಸಾಬರ ಅಂಗಡಿಗೆ ಹೋದೆ. "ಗಾಡಿ ಭಾಳ ಜಿಗಿತೈತ್ರಿ."

ಅವರು ಬಗ್ಗಿ ಖಾಲಿ ಸೀಟುಗಳನ್ನು ನೋಡಿದರು. "ಹವಾ ಇಳಸ್ಲೇನ್ರಿ?" ಅಂದರು, ಅಷ್ಟೇ.

"ಬ್ಯಾಡ್ರಿ. ಇನ್ನೊಂದೆರಡು ದಿನ ಹಿಂಗ ಇರಲಿ."

ಶಾಂತಕ್ಕ, ನೀವು ಈ ಅಂಕಣ ಓದುತ್ತೀರಿ ಅಂತ ಗೊತ್ತು. ಆ ಸೀರೆ ನಿಮಗೆ ಭಾಳ ಒಪ್ಪುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುವ ನಾನು, ಅವತ್ತು ಇದೊಂದನ್ನು ಯಾಕೆ ಹೇಳಲಿಲ್ಲ?